ಎದುರಿಗೆ ಪಾರ್ಕು, ಹಿಂದೆ ಗುಡಿ, ಅಕ್ಕಪಕ್ಕ ಒಳ್ಳೆ ಜನ

ಮನೆ ತೋರಿಸೋ ಬ್ರೋಕರಿಗೆ ಗಿರಾಕಿ ಸಿಗದ ದಿನ ಇರಬಹುದು, ನಗು ಸಿಗದ ದಿನ ಇಲ್ಲ. ಕಾಲಿಗೆ ಚಕ್ರ ಕಟ್ಕೊಂಡು ತಿರುಗೋ ನನಗೆ ಬೇರೆಯವರನ್ನ ಒಂದು ಕಡೆ ನೆಲೆ ನಿಲ್ಲಿಸೋ ಕೆಲಸ ಸಿಕ್ಕಿದ್ದೇ ಒಂದು ತಮಾಷೆ.

ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಮನೆ ಮಾರೋಕಿತ್ತು. ಆ ಮನೆಯ ಅಮ್ಮನವರಿಗೆ ಭದ್ರಾವತಿಯಲ್ಲಿರೋ ತಂಗಿಯ ಪಕ್ಕದಲ್ಲೇ ಹೋಗಿ ಇರೋ ಆಸೆ. ತಂಗಿ ಮನೆಗೆ ಗೋಡೆ ತಾಗಿದ ಮನೆಯೊಂದು ಖಾಲಿ ಬಿದ್ದಿತ್ತು. "ಇದು ಹೋದ್ರೆ ತಾನೇ ಅದು ಸಿಗೋದು ಮಾರಾಯ, ಬೇಗ ಯಾರನ್ನಾದ್ರೂ ಕರ್ಕೊಂಡು ಬಾ" ಅಂತ ದಿನಾ ಫೋನು. ನಾನೂ ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸ್ತಿದ್ದೆ: ಎದುರಿಗೆ ಪಾರ್ಕು, ಹಿಂದೆ ಗುಡಿ, ಅಕ್ಕಪಕ್ಕ ಒಳ್ಳೆ ಜನ.

ಪಾರ್ಕು

ಮೊದಲ ಗಿರಾಕಿ ಹೊಸಮನೆ ಬಡಾವಣೆಯವರೊಬ್ಬರು. ಮನೆ ನೋಡಿ ಮೆಚ್ಚಿದ್ರು. "ಪಾರ್ಕಲ್ಲಿ ಐದು ನಿಮಿಷ ಕೂತು ಬರ್ತೀನಿ" ಅಂತ ಹೋದ್ರು. ವಾಕಿಂಗ್ ಮುಗಿಸಿದ ಹಿರಿಯರ ಬೆಂಚು ಅದು, ಹೊಸಬರು ಕೂತ್ರೆ ಬಿಡ್ತಾರಾ? ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಅಂತ ಶುರು. ನಾನು ಟೀ ಕುಡಿದು ಬರೋಷ್ಟರಲ್ಲಿ ಇವರ ಮಗಳಿಗೆ ಬೆಂಚಿನವರೊಬ್ಬರ ತಮ್ಮನ ಮಗನನ್ನ ಗೊತ್ತು ಮಾಡಿ ಆಗಿತ್ತು.

"ಸಾರ್, ಮನೆ?" ಅಂದೆ.

"ಮನೆ ಮುಂದಿನ ವರ್ಷ ನೋಡೋಣಪ್ಪ. ಈಗ ಒಂದು ಒಳ್ಳೆ ಛತ್ರ ಇದ್ರೆ ತೋರಿಸು!"

ಗುಡಿ

ಆಮೇಲೆ ಬಂದವರು ನವುಲೆ ಕಡೆಯ ಮೇಷ್ಟ್ರು. ಶನಿವಾರ ಬಂದ್ರು, ಗುಡಿಯಲ್ಲಿ ಬಿಸಿಬಿಸಿ ಪೊಂಗಲ್. ದೊನ್ನೆ ಖಾಲಿ ಮಾಡಿ, "ಮನೆ ಇನ್ನೊಂದ್ಸಲ ನೋಡ್ಬೇಕು" ಅಂದ್ರು. ಮುಂದಿನ ಶನಿವಾರ ಹೆಂಡತಿ ಜೊತೆ ಬಂದ್ರು. ಅದರ ಮುಂದಿನ ವಾರ ಅತ್ತೆಯೂ ಬಂದ್ರು, ಅಡುಗೆಮನೆ ಮೂಲೆ ಅವರೇ ನೋಡ್ಬೇಕಂತೆ. ಮೂಲೆಗಿಂತ ಮೊದಲು ಗುಡಿ.

ಕೊನೆಗೊಂದು ಶುಕ್ರವಾರ ನಾನೇ ಫೋನ್ ಮಾಡಿದೆ. "ಮೇಷ್ಟ್ರೇ, ಏನು ತೀರ್ಮಾನ ಮಾಡಿದ್ರಿ?"

"ನಾಳೆ ಪುಳಿಯೋಗರೆನೋ ಪೊಂಗಲ್ಲೋ, ಮೊದ್ಲು ಅದನ್ನ ತಿಳ್ಕೊಂಡು ಹೇಳಪ್ಪ. ಆಮೇಲೆ ತೀರ್ಮಾನ."

ಅಕ್ಕಪಕ್ಕ

ಅಂತೂ ಬ್ಯಾಂಕಿನ ಮೇಡಂ ಒಬ್ರು ಮನೆ ತಗೊಂಡ್ರು. ಭದ್ರಾವತಿ ಮನೆಯಲ್ಲಿ ರಾಹುಕಾಲಕ್ಕೆ ಮೊದಲೇ ಹಾಲು ಉಕ್ಕಿಸಬೇಕು ಅಂತ ಪುರೋಹಿತರ ಅಪ್ಪಣೆ. ಬೆಳಿಗ್ಗೆ ಸಾಮಾನೆಲ್ಲ ಲಾರಿ ಏರಿತು. ಅಮ್ಮನವರು ಮಾತ್ರ ಏರಲಿಲ್ಲ. ಅಡುಗೆ ಕಟ್ಟೆ ಮೇಲೆ ಬೀದಿಯವರ ಡಬ್ಬಿ, ಪಾತ್ರೆಗಳೆಲ್ಲ ಉಳಿದಿದ್ವು. "ಇಷ್ಟು ಕೊಟ್ಟು ಬಂದೆ" ಅಂದ್ರು.

ಪಾತ್ರೆ ಖಾಲಿ ವಾಪಸ್ ಕೊಡಬಾರದಲ್ಲ? ಇದ್ದ ಕೋಡುಬಳೆಯನ್ನೆಲ್ಲ ತುಂಬಿ ಕೊಟ್ರು. ಅವರೇನು ಕಡಿಮೆಯೇ? ಊರು ಬಿಡೋರನ್ನ ಬರಿಗೈಲಿ ಕಳಿಸ್ತಾರಾ? ಒಬ್ರು ಅದೇ ಡಬ್ಬಿ ತುಂಬ ಚಕ್ಕುಲಿ, ಇನ್ನೊಬ್ರು ಅದೇ ಪಾತ್ರೆ ತುಂಬ ಕಡುಬು ತಂದಿಟ್ರು. ಕಟ್ಟೆ ಮತ್ತೆ ಭರ್ತಿ. ಅಮ್ಮನವರು ಚಕ್ಕುಲಿಯನ್ನ ಕಡುಬಿನವರಿಗೂ ಕಡುಬನ್ನ ಚಕ್ಕುಲಿಯವರಿಗೂ ಕೊಡೋಕೆ ಹೊರಟ್ರು!

ಲಾರಿಯ ಮುಂದಿನ ಸೀಟಲ್ಲಿ ಕೂತಿದ್ದ ಯಜಮಾನರು ವಾಚು ನೋಡಿ ಕೂಗಿದ್ರು, "ಅಲ್ಲಿ ಹಾಲು ಉಕ್ಕೋದಿರಲಿ, ಕಾದು ಕಾದು ಮೊಸರೇ ಆಗತ್ತೆ ಕಣೇ!"

"ಪಾತ್ರೆ ಸಮೇತ ಹೊರಡಿ ಅಮ್ಮ, ಆಮೇಲೆ ನಾನು ತಂದು ಕೊಡ್ತೀನಿ" ಅಂದೆ.

"ಬೇರೆಯವರ ಪಾತ್ರೆ ಹೊತ್ಕೊಂಡು ಊರು ಬಿಡ್ಲಾ? ಏನಂದ್ಕೋತಾರೆ!"

ಚಕ್ಕುಲಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿದ್ರು. "ನಮ್ಮ ಪಾತ್ರೆ ಜೊತೆ ನಾವೇ ಬರ್ತೀವಿ ಮಾರಾಯ್ತಿ. ಅಲ್ಲೇ ಖಾಲಿ ಮಾಡಿ, ತೊಳ್ಕೊಂಡು ವಾಪಸ್ ತರ್ತೀವಿ. ನಡಿ!"

ಮಂಚ, ಬೀರುಗಳ ಸಂದಿಯಲ್ಲಿ ಹೆಂಗಸರೆಲ್ಲ ಡಬ್ಬಿ ಅಪ್ಪಿಕೊಂಡು ಕೂತ್ರು. ರಾಹುಕಾಲಕ್ಕೆ ಸ್ವಲ್ಪ ಮೊದಲೇ ಲಾರಿ ಭದ್ರಾವತಿ ಮುಟ್ಟಿತು. ಹಾಲಿನ ಪಾತ್ರೆ ಹಿಡಿದು ಗೇಟಲ್ಲಿ ಕಾಯ್ತಿದ್ದ ತಂಗಿ, ಹಿಂದಿನಿಂದ ಒಬ್ಬೊಬ್ಬರೇ ಇಳಿಯೋದನ್ನ ಬಾಯಿಬಿಟ್ಟು ನೋಡಿದ್ರು.

"ಅಕ್ಕಾ, ಮನೆ ಮಾರಿ ಬಾ ಅಂದಿದ್ದೆ. ಬೀದಿ ಹೊತ್ಕೊಂಡು ಬಾ ಅಂದಿದ್ನಾ?"