ಬಾಡಿಗೆ ಮನೆಗೆ ಬಂದ ಜೀವಂತ ಕಲ್ಲು

ಬ್ರೂಕ್‌ಫೀಲ್ಡಿನ ಬಾಡಿಗೆ ಮನೆಯೊಂದಕ್ಕೆ ಭಾನುವಾರ ಬೆಳಿಗ್ಗೆ ಕಲ್ಲೊಂದು ಆಗಮಿಸಿತು. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ನಿಯಂತ್ರಣದಲ್ಲಿತ್ತು. ಬಾಡಿಗೆ ಕಟ್ಟುವವನು ನಾನು. ಮನೆ ಕೆಳಗಿನ ಮಹಡಿಯಲ್ಲಿರುವ ಓನರ್ ಅವರದು. ಮನಶ್ಶಾಂತಿಗೆಂದು ನಾನು ಏನು ತಂದರೂ ಅದು ಯಾವಾಗಲೂ ವಿಚಾರಣೆಯಲ್ಲೇ ಮುಗಿಯುತ್ತದೆ.

ಪರಿಚಯ

ಉಪ್ಪುನೀರಿನ ಅಕ್ವೇರಿಯಂ ಇಡುವವರು ಮೊದಲು ಮೀನು ತರುವುದಿಲ್ಲ, ಕಲ್ಲು ತರುತ್ತಾರೆ. ತೂತುತೂತಾದ ಈ ಸಮುದ್ರದ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದು, ಅವು ನೀರಿನ ಕೊಳೆ ತಿಂದು ಶುದ್ಧ ಮಾಡುತ್ತವೆ. ಅಂಗಡಿಯವರು ಇದನ್ನು ಲೈವ್ ರಾಕ್ ಎನ್ನುತ್ತಾರೆ. ಒದ್ದೆ ಪೇಪರಿನಲ್ಲಿ ಸುತ್ತಿ ತಂದೆ. ಹಾವೇರಿಯಿಂದ ಬಂದು ನನ್ನ ಜೊತೆಗಿರುವ ಅವ್ವ ಲಿಂಗಪೂಜೆ ಮುಗಿಸಿ ಬಂದು ನೋಡಿದಳು.

"ಏನಪಾ ಇದು?"

"ಜೀವಂತ ಕಲ್ಲು, ಅವ್ವ."

"ಜೀವ ಐತಿ ಅಂತ ಯಾರು ಹೇಳಿದ್ರು?"

"ಅಂಗಡಿಯವರು."

"ಮಾರೋರು ಹಂಗ ಹೇಳ್ತಾರ. ಸಂತ್ಯಾಗ ಮುದಿ ಎತ್ತಿಗೂ ಹಂಗ ಹೇಳ್ತಾರ."

ವಾಸನೆ

ಹೊಸ ಕಲ್ಲಿನಲ್ಲಿ ದಾರಿಯಲ್ಲೇ ಸತ್ತ ಜೀವಿಗಳೂ ಇರುತ್ತವೆ. ಅವು ಕೊಳೆತು ಮುಗಿಯುವವರೆಗೆ ಕಲ್ಲನ್ನು ಉಪ್ಪುನೀರಿನ ಟಬ್ಬಿನಲ್ಲಿ ಹದಕ್ಕೆ ಬಿಡಬೇಕು. ಬಾಲ್ಕನಿಯಲ್ಲಿ ಬಿಟ್ಟೆ. ವಾರದೊಳಗೆ ಬೀದಿಗೆಲ್ಲ ಒಣಮೀನಿನ ವಾಸನೆ. ಬೆಕ್ಕುಗಳು ಮೆಟ್ಟಿಲ ಮೇಲೆ ಧರಣಿ ಕುಳಿತವು.

ಓನರ್ ಸರ್ಕಾರಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಿಂದ ನಿವೃತ್ತರಾದವರು. ಅವರ ಮೊದಲ ಷರತ್ತೇ ಶುದ್ಧ ಸಸ್ಯಾಹಾರ. ಮುರಿದರೆ ಮನೆ ಖಾಲಿ. ಬಾಗಿಲಲ್ಲಿ ನಿಂತು ಮೂಸಿದರು.

"ಏನ್ರೀ, ಅಡುಗೆ ಜೋರಾ?"

"ಅಡುಗೆಯಲ್ಲ ಸಾರ್, ಕಲ್ಲು."

"ಕಲ್ಲು ಬೇಯಿಸ್ತಿದ್ದೀರಾ?"

ಮಾನ ಉಳಿಸಲೆಂದು ಅವ್ವ ಲೋಬಾನದ ಹೊಗೆ ಹಾಕಿಕೊಂಡು ಬಂದಳು. ಓನರ್ ಮುಖ ಇನ್ನಷ್ಟು ಗಂಭೀರವಾಯಿತು.

"ನೋಡಿ, ವಾಸನೆ ಬಂದ್ರೆ ಅನುಮಾನ. ವಾಸನೆ ಮುಚ್ಚಕ್ಕೆ ಹೊಗೆ ಹಾಕಿದ್ರೆ ಸಾಕ್ಷಿ."

ತಪಾಸಣೆ

ಕಲ್ಲು ಹದವಾಯಿತು, ವಾಸನೆ ಹೋಯಿತು. ಕಲ್ಲನ್ನು ಟ್ಯಾಂಕಿಗೆ ಇಳಿಸಿ ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟೆ. ಓನರ್ ಬಂದು, "ಸಾಕೋದಕ್ಕೆ ತಾನೇ?" ಎಂದು ಖಚಿತಪಡಿಸಿಕೊಂಡು ಹೋದರು. ಮುಂದಿನ ಭಾನುವಾರ ಮತ್ತೆ ಬಂದಾಗ ಒಂದೇ ಮೀನಿತ್ತು.

"ಇನ್ನೊಂದು ಎಲ್ರೀ?"

"ಗೊತ್ತಿಲ್ಲ ಸಾರ್, ಬೆಳಿಗ್ಗೆ ಇತ್ತು."

"ನಿಮ್ಮ ಊಟ ಆಯ್ತಾ?"

ಅವ್ವನಿಗೆ ತಡೆಯಲಾಗಲಿಲ್ಲ. "ನಮ್ಮ ಮನಿತನದಾಗ ತತ್ತಿನೂ ಮುಟ್ಟಿದವರಿಲ್ಲರೀ! ರೊಟ್ಟಿ, ಎಣಗಾಯಿ ಉಂಡೇವಿ. ಬೇಕಾದ್ರ ಪಾತ್ರಿ ಮೂಸಿ ನೋಡ್ರಿ!"

ಅವ್ವ ಸಿಟ್ಟಿನಲ್ಲಿ ಹೇಳಿದ್ದನ್ನು ಓನರ್ ಆಹ್ವಾನವೆಂದು ತಿಳಿದರು. ಅಡುಗೆಮನೆಗೆ ಹೋಗಿ ಒಂದೊಂದೇ ಪಾತ್ರೆ ಮೂಸಿ, ಕೊನೆಗೆ ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಬಿಚ್ಚಿ ಮೂಸಿದರು.

ಆರೋಪಿ

"ಪಾತ್ರೆ ಎಲ್ಲ ಸರಿ ಇದೆ. ಹಾಗಾದ್ರೆ ಮೀನು ತಿಂದವರು ಯಾರು?" ಎನ್ನುತ್ತ ಓನರ್ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಖಾಲಿ ಮಾಡಿದ ಮೇಲೆ ಮನೆ ಎಲ್ಲಿ ಹುಡುಕುವುದೆಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಕಲ್ಲಿನ ತೂತಿನಿಂದ ಏಡಿಯೊಂದು ನಿಧಾನವಾಗಿ ಹೊರಬಂತು. ಸಮುದ್ರದಿಂದ ಕಲ್ಲಿನೊಳಗೇ ಅಡಗಿ, ಯಾರಿಗೂ ತಿಳಿಸದೆ ಬಂದಿತ್ತು. ಕೊಂಡಿಯಲ್ಲಿ ಕಿತ್ತಳೆ ಬಣ್ಣದ ಬಾಲ. ನಮ್ಮ ಮೂವರ ಎದುರೇ, ಯಾವ ಸಂಕೋಚವೂ ಇಲ್ಲದೆ ತಿಂದು ಮುಗಿಸಿತು.

ಓನರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ನೀವಿಬ್ರೂ ಇರಿ. ಇವನಿಗೆ ನಾನು ಮನೆ ಕೊಟ್ಟಿಲ್ಲ. ಇವತ್ತೇ ಖಾಲಿ ಮಾಡ್ಬೇಕು."

ಸಂಜೆ ಕಲ್ಲನ್ನು ಅಂಗಡಿಗೆ ಒಯ್ದು, ಏಡಿಯನ್ನು ಬಿಡಿಸಿ ಅಲ್ಲೇ ಬಿಟ್ಟು, ಕಲ್ಲನ್ನು ಮಾತ್ರ ವಾಪಸ್ ತಂದೆ. ಕಲ್ಲು, ಉಳಿದೊಂದು ಮೀನು, ಅವ್ವ ಮತ್ತು ನಾನು ಅದೇ ಮನೆಯಲ್ಲಿದ್ದೇವೆ.