ಭಾವನ ಬಕೆಟ್ಟೂ ಚಳಿಗಾಲದ ಅಂಜಲ್ ಮೀನೂ

ದುಬೈಯ ಒಂಟೆಗಳಿಗೆ ಹಾರ್ನ್ ಕೊಟ್ಟಿದ್ದರೆ ಅವು ಮೊದಲು ಹೊಡೆಯುತ್ತಿದ್ದದ್ದು ನಮ್ಮ ಭಾವನ ಬೆನ್ನಿಗೆ! ತೊಂಬತ್ತರ ದಶಕದ ಆ ಊರಿನಲ್ಲಿ ಎಲ್ಲರೂ ಓಡುತ್ತಿದ್ದರು. ನನ್ನ ಅಕ್ಕನ ಗಂಡ ಒಬ್ಬರು ಮಾತ್ರ ತೆವಳುತ್ತಿದ್ದರು. ಅವರ ಕಾರಿನಲ್ಲಿ ಅದೇ ಊರೊಳಗಿನ ಸತ್ವಾದಿಂದ ದೇರಾಕ್ಕೆ ಹೊರಟರೆ, ನುಣ್ಣಗೆ ಬೋಳಿಸಿಕೊಂಡ ಗಡ್ಡ ತಲುಪುವ ಹೊತ್ತಿಗೆ ಮತ್ತೆ ಚುಚ್ಚುತ್ತಿತ್ತು. "ಭಾವ, ಸ್ವಲ್ಪ ಬೇಗ" ಎಂದರೆ, "ಎಂತ, ದೇರಾ ಎದ್ದು ಓಡಿ ಹೋಗ್ತದಾ?" ಎನ್ನುತ್ತಿದ್ದರು.

ಈ ನಿಧಾನಕ್ಕೂ ಒಂದು ಶಾಸ್ತ್ರವಿತ್ತು, ಅದು ಹುಟ್ಟಿದ್ದು ಸಮುದ್ರದಲ್ಲಿ. ಉಡುಪಿ ಕಡೆಯವರಾದ ಭಾವ ವಾರವಿಡೀ ಆಫೀಸಿನಲ್ಲಿ ಕುಳಿತು, ಶುಕ್ರವಾರ ಬೆಳಗಾದರೆ ಸ್ನೇಹಿತರೊಬ್ಬರ ಸಣ್ಣ ಮೋಟಾರು ದೋಣಿಯಲ್ಲಿ ಅಂಜಲ್ ಹಿಡಿಯಲು ಹೊರಡುತ್ತಿದ್ದರು. ದೋಣಿಯ ಹಿಂದೆ ಎರಡು ದಾರ, ತುದಿಯ ಗಾಳಗಳಲ್ಲಿ ಒಂದೊಂದು ಸತ್ತ ಬಂಗುಡೆ ಮೀನು. ದೋಣಿ ಎಳೆದಂತೆ ಬಂಗುಡೆ ಈಜಿದ ಹಾಗೆ ಕಾಣಬೇಕು, ಅಂಜಲ್ ನಂಬಿ ಬಂದು ಕಚ್ಚಬೇಕು. ಉಳಿದವರೆಲ್ಲ ದೋಣಿಯನ್ನು ಭರ್ರೆಂದು ಓಡಿಸುತ್ತಿದ್ದರು. ಭಾವನ ವಾದವೇ ಬೇರೆ.

"ಚಳಿಗೆ ನೀರು ತಣ್ಣಗಾಗ್ತದೆ ಮಾರಾಯ, ಮೀನಿಗೆ ಉದಾಸೀನ. ಕಂಬಳಿ ಹೊದ್ದು ಮಲಗಿದ ಗಂಡಸಿನ ಹಾಗೆ. ಕಾಫಿ ಅಡುಗೆಮನೆಯಲ್ಲಿ ಉಂಟು ಅಂದ್ರೆ ಏಳ್ತಾನಾ? ಮೂಗಿನ ಹತ್ರ ತಂದು ಹಿಡೀಬೇಕು. ಏಳ್ಲಿಲ್ವಾ, ತಕೊಂಡು ಹೋಗು, ಪುನಃ ತಾ. ಕುಡಿ ಕುಡಿ ಅಂತ ಮಾತ್ರ ಹೇಳ್ಲಿಕ್ಕಿಲ್ಲ!"

ಮೋಟಾರನ್ನು ಎಷ್ಟು ಇಳಿಸಿದರೂ ಅವರಿಗೆ ವೇಗವೇ. ಅದಕ್ಕೆ ದೋಣಿಯ ಹಿಂಬದಿಗೆ ಒಂದು ಬಕೆಟ್ ಕಟ್ಟಿ ನೀರಿಗೆ ಬಿಡುತ್ತಿದ್ದರು. ಬಕೆಟ್ಟಿನಲ್ಲಿ ನೀರು ತುಂಬಿ ದೋಣಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಬಕೆಟ್ ಯಾರದ್ದು ಅಂತೀರಿ? ನಾವು ನಾಲ್ಕು ಸಂಸಾರ ಹಂಚಿಕೊಂಡಿದ್ದ ವಿಲ್ಲಾದ ಏಕೈಕ ಬಚ್ಚಲುಮನೆಯ ಏಕೈಕ ಬಕೆಟ್! ಪಕ್ಕದ ಕೋಣೆಯ ಪುತ್ತೂರಿನ ಬ್ಯಾರಿ ಗೆಳೆಯರೊಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ಕೇಳುತ್ತಿದ್ದರು: "ಅಣ್ಣ, ಜುಮ್ಮಾ ನಮಾಜಿಗೆ ಮೊದ್ಲು ಬಕೆಟ್ ಬರ್ತದಾ, ಅಲ್ಲ ನಾನೇ ಸಮುದ್ರಕ್ಕೆ ಬರ್ಬೇಕಾ?"

ಆ ಚಳಿಗಾಲ ಅಕ್ಕನಿಗೆ ಟೈಫಾಯ್ಡ್ ಆಯಿತು. ಜ್ವರ ಹೋಯಿತು, ಹೋಗುವಾಗ ಹಸಿವನ್ನೂ ನಗುವನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಗಂಜಿ ಕಂಡರೆ ತುಟಿ ಬಿಗಿದು ಗೋಡೆಗೆ ಮುಖ ಮಾಡುತ್ತಿದ್ದಳು. ಶನಿವಾರದವರೆಗೂ ಹೀಗೇ ಇದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದರು ಡಾಕ್ಟರು. ನಾನು, ವಿಲ್ಲಾದ ಹೆಂಗಸರು, ಸರದಿಯ ಮೇಲೆ ಪೀಡಿಸಿದ್ದೇ ಪೀಡಿಸಿದ್ದು: "ಒಂದೇ ತುತ್ತು, ನನ್ನಾಣೆ!" ಆಣೆಗಳೆಲ್ಲ ಖಾಲಿಯಾದವು, ಬಟ್ಟಲು ಹಾಗೇ ಉಳಿಯಿತು.

ಗುರುವಾರ ಅಕ್ಕ ಮೆಲ್ಲಗೆ, "ಅಂಜಲ್ ಇದ್ರೆ ಒಂದು ತುಂಡು ತಿಂತಿದ್ದೆನೋ ಏನೋ" ಎಂದಳು. ನಾನು ಮಾರ್ಕೆಟ್ಟಿಗೆ ಓಡಿ ತಂದೆ. ಹುರಿದು ಎದುರಿಗಿಟ್ಟರೆ, "ಐಸಿನ ವಾಸನೆ" ಎಂದು ತಟ್ಟೆ ಸರಿಸಿದಳು. ಬೆಳಗ್ಗೆ ನೋಡಿದರೆ ಬಚ್ಚಲಿನಲ್ಲಿ ಬಕೆಟ್ ಇಲ್ಲ!

ನಾನೂ ಭಾವನ ಹಿಂದೆಯೇ ಓಡಿ ದೋಣಿ ಹತ್ತಿದೆ. ದೋಣಿ ಹೊರಟಿತು ಎನ್ನುವುದು ಮರ್ಯಾದೆಯ ಮಾತು. ನಮ್ಮ ಪಕ್ಕದಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ ಬಾಟಲಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. "ಭಾವ, ಅಕ್ಕ ಅಲ್ಲಿ ಉಪವಾಸ ಇದ್ದಾಳೆ!" ಎಂದು ರೇಗಿದೆ. "ಅದಕ್ಕೇ ನಿಧಾನ ಹೋಗುದು" ಎಂದರು.

ಅಷ್ಟರಲ್ಲಿ ದೊಡ್ಡ ದೋಣಿಯೊಂದು ಹತ್ತಿರ ಬಂತು. ಅದರಲ್ಲಿದ್ದ ಅರಬ್ ಮುದುಕರು ನಮ್ಮ ಮೋಟಾರು ಕೆಟ್ಟಿದೆಯೆಂದು ತಿಳಿದು, ಎಳೆದುಕೊಂಡು ಹೋಗಲು ಹಗ್ಗ ತೋರಿಸಿದರು. ಭಾವ ಕೈಯಾಡಿಸಿ, "ಮಾಫಿ ಮುಷ್ಕಿಲ್! ಶ್ವಯ್ ಶ್ವಯ್!" ಎಂದು ಕೂಗಿದರು. ಏನೂ ತೊಂದರೆ ಇಲ್ಲ, ನಿಧಾನ ನಿಧಾನ ಎಂದು! ಮುದುಕರು ಹಿಂದೆ ತೂಗಾಡುತ್ತಿದ್ದ ಬಕೆಟ್ಟನ್ನು ನೋಡಿದರು, ನಮ್ಮ ಮುಖ ನೋಡಿದರು, ಅಯ್ಯೋ ಪಾಪ ಎನಿಸಿರಬೇಕು, ಖುಬೂಸ್ ರೊಟ್ಟಿಯ ಒಂದು ಪೊಟ್ಟಣವನ್ನು ನಮ್ಮ ಕಡೆಗೆ ಎಸೆದು ಹೋದರು. ಅಂದು ಸಮುದ್ರದಿಂದ ನಮಗೆ ಸಿಕ್ಕಿದ್ದು ಅದೊಂದೇ.

ಖಾಲಿ ಬಕೆಟ್ ಬಚ್ಚಲಿಗೆ ಮರಳಿತು. ಭಾವ ಗಂಜಿಯ ಬಟ್ಟಲು ಹಿಡಿದು ಅಕ್ಕನ ಮಂಚದ ಅಂಚಿನಲ್ಲಿ ಕುಳಿತರು. ಎಂದಿನಂತೆ "ತಿನ್ನೇ" ಎನ್ನಲು ಹೊರಟ ನನ್ನನ್ನು ಕೈಯಡ್ಡ ಹಿಡಿದು ತಡೆದರು. ಆಮೇಲೆ ಬೆಳಗಿನ ಕಥೆ ಶುರು ಮಾಡಿದರು. ಕಥೆಯ ಜೊತೆಗೇ ಚಮಚವೂ ಹೊರಟಿತು. ಅಕ್ಕನ ತುಟಿಯ ಹತ್ತಿರ ಬಂತು, ತನಗೇನೂ ಸಂಬಂಧವಿಲ್ಲವೆಂಬಂತೆ ಮುಂದೆ ಹೋಯಿತು, ಬಟ್ಟಲಿಗೆ ಮರಳಿತು, ಮತ್ತೆ ಬಂತು. ಒಮ್ಮೆಯೂ ತಿನ್ನು ಎನ್ನಲಿಲ್ಲ. ಬಾಟಲಿ ನಮ್ಮನ್ನು ದಾಟಿತು, ಹಗ್ಗ ಬಂತು, ಕೊನೆಗೆ ಖುಬೂಸ್ ಹಾರಿಬಂತು. ಅಕ್ಕ ಫಕ್ಕನೆ ನಕ್ಕಳು. ತೆರೆದ ಬಾಯಿಯ ಎದುರಿಗೇ ಚಮಚ ಇತ್ತು.

ಅಕ್ಕ ನುಂಗಿದಳು! ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ನಾನು ಬಾಗಿಲಿಗೆ ಒರಗಿಕೊಂಡು ಅತ್ತೇಬಿಟ್ಟೆ.

"ಮತ್ತೆ ಅಂಜಲ್?" ಎಂದು ಅಕ್ಕ ಕೇಳಿದಳು.

"ಅದು ಬಾಯಿ ಬಿಡ್ಲಿಲ್ಲ ಮಾರಾಯ್ತಿ. ನೀನು ಬಿಟ್ಟಿಯಲ್ಲ, ಸಾಕು."

ಅಷ್ಟು ಹೇಳಿದ್ದೇ ಭಾವ ಗಡಿಬಿಡಿಯಲ್ಲಿ ಇನ್ನೊಂದು ಚಮಚ ತುಂಬಿದರು, ಅರ್ಧ ಗಂಜಿ ಹಾಸಿಗೆಯ ಮೇಲೆ ಚೆಲ್ಲಿತು. ಜೀವಮಾನದಲ್ಲಿ ಅವರು ಅವಸರ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಕ್ಕ ಅವರ ಕೈ ಹಿಡಿದು ಚಮಚವನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡಳು. "ಶ್ವಯ್ ಶ್ವಯ್ ಮಾರಾಯ್ರೆ," ಎಂದಳು, "ನಾನೆಲ್ಲಿಗೂ ಹೋಗುದಿಲ್ಲ."