ಕುಂಕುಮ ಭರಣಿಯ ವಾಚು

ಕೊಟ್ಟೂರಿನಲ್ಲಿ ಯಾರು ಬೇಕಾದರೂ ವಾಚು ಮಾಡಲಿ, ನಮ್ಮ ಮನೆಯವರು ಮಾತ್ರ ಮಾಡಬಾರದಿತ್ತು. ಇದ್ದ ಗಡಿಯಾರಗಳನ್ನೇ ಒಂದು ದಿನವೂ ನಂಬಿದವರಲ್ಲ. ಮೊಮ್ಮಗಳು ಬಂದಿದ್ದಾಳೆ, ಮನಸ್ಸು ತುಂಬಿ ಚೆಲ್ಲುತ್ತಿದೆ. ಅದಕ್ಕೇ ಹೊಟ್ಟೆಯೊಳಗಿನ ಬೇವನ್ನೆಲ್ಲ ಇವತ್ತು ಬೆಲ್ಲ ಹಚ್ಚಿ ಹೇಳಿಬಿಡುತ್ತೇನೆ.

ನಮ್ಮದು ಹಿಟ್ಟಿನ ಗಿರಣಿ. ಊಟಕ್ಕೆ ಕರೆದರೆ “ಇದೊಂದು ಡಬ್ಬಿ ಬೀಸಿ ಬಂದೆ” ಅನ್ನುವರು. ಆ ಒಂದು ಡಬ್ಬಿ ಮುಗಿಯುವಷ್ಟರಲ್ಲಿ ನನ್ನ ರೊಟ್ಟಿ ಹಪ್ಪಳವಾಗಿರುತ್ತಿತ್ತು. ನಮ್ಮ ಮದುವೆಯ ಅಕ್ಕಿಕಾಳು ಬೀಳುವ ಹೊತ್ತಿಗೂ ತಡವಾಗಿಯೇ ಬಂದವರು. ಮಗಳು ಹುಟ್ಟಿದಾಗ? ಹಬ್ಬದ ಗಿರಾಕಿಗಳಿದ್ದರಂತೆ. ಮೂರನೇ ದಿನ ಬಂದರು, ಹುಬ್ಬಿನ ಮೇಲೆ ಜೋಳದ ಹಿಟ್ಟು ಹಾಗೇ ಇತ್ತು. ಅದನ್ನು ನಾನು ಮರೆತಿಲ್ಲ. ಮಗಳಿಗೂ ಮರೆಯಲು ಬಿಟ್ಟಿಲ್ಲ.

ಇಂಥವರು ಫೋನಿನಲ್ಲಿ ಒಂದು ಪರದೇಶದ ವಾಚು ನೋಡಿದರು. ಒಳಗಿನ ಚಕ್ರಗಳೆಲ್ಲ ಗಾಜಿನಿಂದ ಹೊರಗೆ ಕಾಣುತ್ತವೆ. ಅದರ ಬೆಲೆಗೆ ನಮ್ಮ ಗಿರಣಿ, ಗಿರಣಿ ಇರುವ ಓಣಿ, ಓಣಿಯ ನಾಯಿ ಎಲ್ಲ ಬರುತ್ತವಂತೆ.

“ಕರುಳು ಕಾಣೋ ವಾಚಿಗೆ ಅಷ್ಟು ರೊಕ್ಕ ಸುರೀತಾರಲೇ,” ಎಂದರು. “ನಾನೂ ಒಂದು ಮಾಡ್ತೀನಿ.”

“ಮಾಡ್ರಿ. ಮೊದಲು ಊಟ ಮಾಡ್ರಿ.”

“ಬಂದೆ.”

ಬರಲಿಲ್ಲ.

ತವರಿನಿಂದ ನಾನು ತಂದಿದ್ದ ಅಲಾರಂ ಟೈಂಪೀಸಿನ ಹೊಟ್ಟೆ ಬಗೆದರು. ಹಳೇ ಕನ್ನಡಕದ ಗಾಜು ಕಿತ್ತರು. ಕೈಪಟ್ಟಿಗೆ ಗಿರಣಿಯ ಹರಿದ ಬೆಲ್ಟು ಸಿಕ್ಕಿತು. ಇದನ್ನೆಲ್ಲ ಹಾಕಲು ಡಬ್ಬಿ ಸಿಗದೆ ಗೋಡೆಯ ದೇವರ ಮಾಡಕ್ಕೆ ಕೈ ಹಾಕಿದರು. ನಮ್ಮವ್ವ ಕೊಟ್ಟ ಹಿತ್ತಾಳೆಯ ಭರಣಿ. ಅದರ ಕುಂಕುಮವನ್ನು ಚಹಾ ಬಟ್ಟಲಿಗೆ ಸುರಿದುಬಿಟ್ಟರು.

“ನಿಮ್ಮವ್ವ ಕೊಟ್ಟಿದ್ದು ಎಲ್ಲಿ ಹೋಗೈತಿ? ನನ್ನ ಕೈಮ್ಯಾಲ ಐತಲ್ಲ.”

“ಹೆಂಡ್ತಿ ಕುಂಕುಮ ಚೆಲ್ಲಿ ವಾಚ್ ಕಟ್ಟಿಕೊಂಡ ಗಂಡಸು ನೀವೊಬ್ಬರೇ ನೋಡ್ರಿ.”

ಒಳಗಿನ ಕೂದಲೆಳೆಯಂಥ ಸ್ಪ್ರಿಂಗು ಭರಣಿಯಲ್ಲಿ ಹಿಡಿಸಲಿಲ್ಲ. ಗಿರಣಿಯ ಬೆಲ್ಟು ಸಡಿಲಾದರೆ ತುಂಡು ಕತ್ತರಿಸಿ ಕೂಡಿಸುವ ಕೈ ಅದು. ಇದನ್ನೂ ಹಾಗೆಯೇ ಕತ್ತರಿಸಿ ಗಿಡ್ಡ ಮಾಡಿದರು. ವಾಚು ಓಡಿತು. ಹೇಗೆ ಓಡಿತೆಂದರೆ, ರಾತ್ರಿ ಮುಳ್ಳು ಸರಿಯಾಗಿ ಇಟ್ಟಿದ್ದರೂ, ನಾವು ಬೆಳಗಿನ ಚಹಾ ಕುಡಿಯುವಾಗ ಅದಕ್ಕೆ ಊಟದ ಹೊತ್ತು. ಹೇಳಿದರೆ, “ಊರಾಗಿನ ಗಡಿಯಾರೆಲ್ಲ ಹಿಂದ ಬಿದ್ದಾವು” ಅನ್ನುವರು. ಹಿಟ್ಟು ಹೊಕ್ಕೀತೆಂದು ಗಿರಣಿಗೆ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಪರ ಊರಿಗೆ ಹೋಗುವಾಗ ಮಾತ್ರ ಅದರ ಮೆರವಣಿಗೆ.

ಗುಡೇಕೋಟೆಯಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಇದನ್ನು ಕಟ್ಟಿಕೊಂಡೇ ಬಂದರು. ಹೆಂಗಸರು ಹಾಡಿಕೊಂಡು ಅಳುತ್ತಿದ್ದೆವು, ನಡುವೆ ಅಲಾರಂ ಹೊಡೆಯಿತು. ಗಂಡಸರೆಲ್ಲ ಜೇಬು ತಡವಿಕೊಂಡರು.

“ಫೋನಲ್ಲರಿ, ನನ್ನ ವಾಚು,” ಎಂದು ಇವರು ತೋಳು ಮಡಚಿ ಚಕ್ರ ತೋರಿಸಿದರು.

ಗಂಡಸರು ಒಬ್ಬೊಬ್ಬರಾಗಿ ಎದ್ದು ಇವರ ಸುತ್ತ ಕೂತರು. ಸತ್ತವರ ಮಗನೂ ಎದ್ದು ಬಂದು, “ಇದು ಯಾವ ಚಕ್ರರಿ?” ಎಂದು ಕೇಳಿದ. ಹೆಣದ ಹತ್ತಿರ ನಾವು ಹೆಂಗಸರಷ್ಟೇ ಉಳಿದೆವು. ಬರುವಾಗ ಬಸ್ಸಿನಲ್ಲಿ ನಾನು ಇವರ ಪಕ್ಕ ಕೂರಲಿಲ್ಲ.

ಆಮೇಲೆ ಮಗಳು ಹೆರಿಗೆಗೆ ಬಂದಳು. ಹರಪನಹಳ್ಳಿಯ ದವಾಖಾನೆಯಲ್ಲಿ, ನಾಳೆ ಹನ್ನೆರಡಕ್ಕೆ ಆಪರೇಷನ್ ಎಂದರು. ನಾನು ಅವಳ ಹತ್ತಿರ ಉಳಿದು ಇವರಿಗೆ ಫೋನು ಮಾಡಿದೆ. “ಹನ್ನೊಂದಕ್ಕ ಅಲ್ಲಿರ್ತೀನಿ,” ಎಂದರು.

ಮಗಳು ನಕ್ಕಳು. “ಅಪ್ಪ ಬರೋದ್ರಾಗ ಕೂಸು ಅಂಗನವಾಡಿಗೆ ಹೋಗಿರ್ತೈತಿ ಬಿಡವ್ವ.” ನಗು ಅರ್ಧಕ್ಕೇ ನಿಂತಿತು. “ಈ ಸಲನಾದ್ರೂ ಬರ್ತಾನೇನು?”

ನಾನು ಅವಳ ಸೆರಗು ಸರಿಮಾಡಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೇ ನೋವು ಎದ್ದಿತು. ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಒಳಗೆ ಒಯ್ಯಬೇಕು ಎಂದರು ಡಾಕ್ಟರು. ಅಳಿಯ ಹಡಗಲಿಯಿಂದ ಇನ್ನೂ ಬಸ್ಸಿನಲ್ಲಿದ್ದ. ಗಾಲಿಮಂಚದ ಮೇಲೆ ಮಗಳು ನನ್ನ ಬಳೆಗಳ ಸಮೇತ ಕೈ ಹಿಡಿದುಕೊಂಡಿದ್ದಳು. ವರಾಂಡಕ್ಕೆ ಬಂದರೆ ಬಾಗಿಲಲ್ಲಿ ಜಗಳ.

“ಹನ್ನೊಂದು ಹೊಡದೈತಿ, ಒಳಗ ಬಿಡಂಗಿಲ್ಲ ಅಂದ್ರ ಹೆಂಗಪಾ?”

“ಯಜ್ಜಾ, ಈಗಿನ್ನೂ ಎಂಟು. ಹತ್ತಕ್ಕ ಬಾ,” ಅನ್ನುತ್ತಿದ್ದ ಕಾವಲುಗಾರ.

“ನನ್ನ ವಾಚ್ ನೋಡು ಬೇಕಾದ್ರ.”

ಗಾಲಿಮಂಚ ನೋಡಿದ್ದೇ ಇವರು ವಾಚಿನ ಕೈ ಇಳಿಸಿ ಇತ್ತ ತಿರುಗಿದರು. ಕಾವಲುಗಾರನೂ ದಾರಿ ಬಿಟ್ಟ. ಮಗಳು ನನ್ನ ಕೈ ಬಿಟ್ಟು ಅತ್ತ ಚಾಚಿದಳು. ಭರಣಿ ಕಟ್ಟಿದ್ದ ಆ ದಪ್ಪ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಅಪ್ಪಾ, ಬಂದ್ಯಾ?”

“ಬಂದೆ, ಅವ್ವ.”

ಅಷ್ಟು ವರ್ಷ ಕೇಳಿ ಕೇಳಿ ಕಿವಿ ತೂತಾದ ಆ ‘ಬಂದೆ’ ಅಂದು ಮೊದಲ ಸಲ ನಿಜವಾಗಿತ್ತು. ಆಪರೇಷನ್ ಬಾಗಿಲು ಮುಚ್ಚುವವರೆಗೂ ಜೊತೆಗೆ ನಡೆದರು. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನಿನ್ನೆ ನಾನು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಾಗ ಇವರು ಬಂದು ನಿಂತರು.

“ನೀ ಅಂದಿದ್ದು ಖರೆ. ಇದು ಭಾಳ ಜೋರು ಓಡ್ತೈತಿ. ಬಜಾರದಾಗ ಕೊಟ್ಟು ಸರಿ ಮಾಡಿಸ್ಲೇನು?”

“ಅದಕ್ಕ ಯಾರಾರ ಕೈ ಹಚ್ಚಿದ್ರ ನೋಡ್ರಿ ಮತ್ತ,” ಎಂದೆ.

ಕುಂಕುಮ ಈಗಲೂ ಚಹಾ ಬಟ್ಟಲಲ್ಲೇ ಇದೆ. ಬೆಳಿಗ್ಗೆ ಹಣೆಗಿಟ್ಟುಕೊಂಡು ಅದೇ ಬೆರಳಿನಿಂದ ವಾಚಿಗೆ ಕೀಲಿ ಕೊಡುತ್ತೇನೆ. ಅದರ ಕೀಲಿಯ ಕಿವಿಯೆಲ್ಲ ಕೆಂಪಾಗಿದೆ.